ಇನ್ನೊಂದು ವರ್ಷ, ಆದರೆ ಅದೇ ವರ್ಷವಲ್ಲ

ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿ ಕಡೆಯ ರೈತರೊಬ್ಬರ ಪತ್ರ ನನ್ನ ಮುಂದಿದೆ. ಮಗಳು ಹತ್ತನೆಯ ತರಗತಿಯವರೆಗೆ ಊರಿನ ಸರಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ದ್ವಿತೀಯ ಪಿಯುಸಿಯಲ್ಲಿ ಶೇ 87 ಅಂಕ ಬಂದಿದೆ. ನೀಟ್‌ನಲ್ಲಿ 720ಕ್ಕೆ 388. ಸರಕಾರಿ ಸೀಟಿಗೆ ಅದು ಸಾಲಲಿಲ್ಲ. ‘ಅಪ್ಪಾ, ಇನ್ನೊಂದು ವರ್ಷ ಓದ್ತೀನ್ರಿ’ ಎಂದು ಹಟ ಹಿಡಿದು ಕೂತಿದ್ದಾಳಂತೆ. ‘ಈ ಸಲದ ಭತ್ತ, ಗೋವಿನಜೋಳದ ರೊಕ್ಕ ಅವಳ ಓದಿಗೆ ಹಾಕಿದರೆ ಮುಂದಿನ ವರ್ಷ ಅವಳ ತಮ್ಮನ ಕಾಲೇಜಿಗೆ ಏನು ಮಾಡಲಿ? ಹುಡುಗಿ ಜಾಣಿ ಇದ್ದಾಳೆ, ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ನೀವೇ ಒಂದು ಮಾತು ಹೇಳಿ’ ಎಂದು ಕೇಳಿದ್ದಾರೆ.

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ದಾಂಡೇಲಿ, ಜೋಯಿಡಾ, ಮುಂಡಗೋಡಗಳಿಂದಲೂ ಬಂದಿದೆ. ದಾಂಡೇಲಿಯ ತಾಯಿಯೊಬ್ಬರ ಮಗ ಆಗಲೇ ಎರಡು ಸಲ ಬರೆದಿದ್ದಾನೆ. ಮೂರನೆಯ ಸಲ ಬರೆಸಬೇಕೇ ಎಂದು ಅವರ ಚಿಂತೆ. ಜೋಯಿಡಾ ತಾಲ್ಲೂಕಿನ ಕುಂಬಾರವಾಡಾ ಕಡೆಯ ಹುಡುಗನಿಗೆ ಹಾಸ್ಟೆಲ್ ಖರ್ಚು ಕೊಡುವವರಿಲ್ಲ. ಮನೆಯಲ್ಲೇ ಕೂತು ಓದಿದರೆ ಆದೀತೇ ಎಂದು ಕೇಳುತ್ತಾನೆ. ಮುಂಡಗೋಡದ ವಿದ್ಯಾರ್ಥಿನಿ ಪಿಯುಸಿಯಲ್ಲಿ ಜೀವಶಾಸ್ತ್ರವನ್ನೇ ತೆಗೆದುಕೊಂಡಿರಲಿಲ್ಲ. ಈಗ ವೈದ್ಯಳಾಗುವ ಆಸೆ.

ನಾಲ್ವರಿಗೂ ಒಂದೇ ಉತ್ತರ ಸಲ್ಲದು. ಆದರೆ ಒಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಮತ್ತೊಮ್ಮೆ ಪ್ರಯತ್ನಿಸುವುದು ತಪ್ಪಲ್ಲ. ಕಳೆದ ವರ್ಷ ಓದಿದ್ದನ್ನೇ, ಓದಿದ ರೀತಿಯಲ್ಲೇ, ಇನ್ನೂ ಹೆಚ್ಚು ಹೊತ್ತು ಓದಿ ಬೇರೆ ಫಲ ನಿರೀಕ್ಷಿಸುವುದು ತಪ್ಪು. ಮೊದಲ ಸಲ ಎಲ್ಲಿ ಕೊರತೆಯಾಯಿತು ಎಂದು ಹುಡುಕಿ, ಆ ಕೊರತೆಗೇ ವರ್ಷವನ್ನು ಮೀಸಲಿಟ್ಟರೆ ಮಾತ್ರ ಆ ವರ್ಷಕ್ಕೆ ಬೆಲೆ.

ಯಾವುದು ಲೆಕ್ಕಕ್ಕೆ ಬರುತ್ತದೆ?

ಮೊದಲು ಆಟದ ನಿಯಮ ತಿಳಿದುಕೊಳ್ಳೋಣ. ನಮ್ಮ ರಾಜ್ಯದಲ್ಲಿ 1994ರಲ್ಲಿ ಸಿಇಟಿ ಬಂತು. ದೇಶಕ್ಕೆಲ್ಲ ಒಂದೇ ಪರೀಕ್ಷೆ ಎಂಬ ನೀಟ್ 2013ರಲ್ಲಿ ಒಮ್ಮೆ ನಡೆದು, ಸುಪ್ರೀಂ ಕೋರ್ಟಿನ ತೀರ್ಪಿನಿಂದ ನಿಂತು, 2016ರಲ್ಲಿ ಮರಳಿ ಬಂತು. 2017ರಿಂದ ಕರ್ನಾಟಕದ ವೈದ್ಯಕೀಯ ಸೀಟುಗಳೆಲ್ಲ ನೀಟ್ ರ‍್ಯಾಂಕಿನ ಮೇಲೆಯೇ ಹಂಚಿಕೆಯಾಗುತ್ತಿವೆ. ಅದೇ ವರ್ಷದಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ.

ಪಿಯುಸಿ ಅಂಕಗಳು ವೈದ್ಯಕೀಯ ರ‍್ಯಾಂಕಿಗೆ ಸೇರುವುದಿಲ್ಲ. ಅವು ಬಾಗಿಲು ತೆರೆಯುವ ಕೀಲಿ ಮಾತ್ರ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಬೇಕು, ಇಂಗ್ಲಿಷಿನಲ್ಲಿ ಪಾಸಾಗಿರಬೇಕು. ಸಾಂಬ್ರಾಣಿಯ ಹುಡುಗಿಗೆ ಶೇ 87 ಇದೆ. ಅದನ್ನು 92 ಮಾಡಲು ಮತ್ತೆ ಪಿಯುಸಿ ಬರೆದರೆ ವೈದ್ಯಕೀಯ ಸೀಟಿಗೆ ಎಳ್ಳಷ್ಟೂ ಉಪಯೋಗವಿಲ್ಲ. ಆದರೆ ಮೂರು ವಿಷಯ ಸೇರಿ ಶೇ 50 ಮುಟ್ಟದವರು ನೀಟ್‌ನಲ್ಲಿ ಎಷ್ಟೇ ಗಳಿಸಿದರೂ ವ್ಯರ್ಥ. ಅಂಥವರು ಮೊದಲು ಪಿಯುಸಿ ಅಂಕ ಸರಿಪಡಿಸಿಕೊಳ್ಳಬೇಕು. 2024ರಿಂದ ನಮ್ಮ ಪರೀಕ್ಷಾ ಮಂಡಳಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆದು ಅಂಕ ಉತ್ತಮಪಡಿಸಿಕೊಳ್ಳುವ ಅವಕಾಶ ಕೊಟ್ಟಿದೆ.

ಮುಂಡಗೋಡದ ವಿದ್ಯಾರ್ಥಿನಿಗೂ ದಾರಿಯಿದೆ. ಹನ್ನೆರಡನೆಯ ತರಗತಿ ಮುಗಿದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಪ್ರಕಟಿಸಿತು. ಆದರೆ ತಂಗಿ, 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಎರಡು ವರ್ಷದ ಪಾಠವನ್ನು ಒಂದರಲ್ಲಿ ಮುಗಿಸುವ ಕೆಲಸ ನಿಮ್ಮದು. ಎರಡು ವರ್ಷದ ಯೋಜನೆ ಹಾಕಿಕೊಂಡರೆ ಒಳ್ಳೆಯದು.

ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿಯಿಲ್ಲ. ಗರಿಷ್ಠ ವಯಸ್ಸಿನ ಕಟ್ಟನ್ನೂ 2022ರಲ್ಲಿ ತೆಗೆದುಹಾಕಿದ್ದಾರೆ. ಮಿತಿ ಹಾಕಿಕೊಳ್ಳಬೇಕಾದವರು ನಾವೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸೋಣ. ಅಮೆರಿಕದಲ್ಲಿರುವ ನೆಂಟರು ಫೋನಿನಲ್ಲಿ ‘ಆಸ್ಪತ್ರೆಯಲ್ಲಿ ಸೇವೆ ಮಾಡಲಿ, ಸರ್ಟಿಫಿಕೇಟ್ ತೆಗೆದುಕೊಳ್ಳಲಿ’ ಎಂದು ಸಲಹೆ ಕೊಡುತ್ತಾರೆ. ಅಲ್ಲಿ ಪದವಿ ಮುಗಿಸಿದ ಮೇಲೆ ವೈದ್ಯಕೀಯ ಓದು. ಅರ್ಜಿ ಹಾಕಿದವರ ಪದವಿ ಅಂಕ, ಎಂಕ್ಯಾಟ್ ಪರೀಕ್ಷೆ, ಸೇವೆ, ಶಿಫಾರಸು ಎಲ್ಲವನ್ನೂ ಕಾಲೇಜು ಕೂಡಿಸಿ ನೋಡುತ್ತದೆ. ಮೊದಲ ಸಲ ಸಿಗದವರು ಪದವಿಯ ಮೇಲೆ ಇನ್ನಷ್ಟು ವಿಜ್ಞಾನ ವಿಷಯ ಓದಿ, ಅಂಕ ಹೆಚ್ಚಿಸಿಕೊಂಡು ಮತ್ತೆ ಅರ್ಜಿ ಹಾಕುತ್ತಾರೆ. ನಮ್ಮಲ್ಲಿ ಇರುವುದು ಒಂದು ಪರೀಕ್ಷೆ, ಒಂದು ರ‍್ಯಾಂಕ್. ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ದಿನ ಓಡಾಡಿ ಬಂದರೆ ‘ಈ ಕೆಲಸ ನನಗೆ ನಿಜವಾಗಿ ಬೇಕೇ’ ಎಂಬುದು ತಿಳಿದೀತು. ಅದೂ ದೊಡ್ಡ ಲಾಭವೇ. ಆದರೆ ರ‍್ಯಾಂಕಿಗೆ ಅದರಿಂದ ಏನೂ ಸೇರದು.

ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವಾಗಲೂ ಎಚ್ಚರಿಕೆ ಬೇಕು. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಆ ಗದ್ದಲ ಕೋರ್ಟಿಗೆ ಹೋದದ್ದು ನೆನಪಿರಬಹುದು. 2025ರಲ್ಲಿ ಭೌತಶಾಸ್ತ್ರ ಬಹಳ ಕಠಿಣವಾಗಿ, ದೇಶಕ್ಕೇ ಮೊದಲು ಬಂದವರ ಅಂಕ 686. ಆದ್ದರಿಂದ ‘ಹೋದ ವರ್ಷ ಅವನಿಗೆ ಇಷ್ಟಕ್ಕೆ ಸಿಕ್ಕಿತ್ತು’ ಎಂಬ ಓಣಿಯ ಲೆಕ್ಕ ಬೇಡ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತಿ ಸುತ್ತಿನ ಕೊನೆಗೆ ಯಾವ ಕಾಲೇಜಿನಲ್ಲಿ, ಯಾವ ವರ್ಗದಲ್ಲಿ, ಎಷ್ಟನೆಯ ರ‍್ಯಾಂಕಿಗೆ ಸೀಟು ನಿಂತಿತು ಎಂಬ ಪಟ್ಟಿ ಪ್ರಕಟಿಸುತ್ತದೆ. ಕಾರವಾರದ ಸರಕಾರಿ ವೈದ್ಯಕೀಯ ಕಾಲೇಜು, ಹುಬ್ಬಳ್ಳಿಯ ಕಿಮ್ಸ್, ಬೆಳಗಾವಿಯ ಬಿಮ್ಸ್, ಈ ಮೂರರ ಕೊನೆಯ ರ‍್ಯಾಂಕನ್ನು ನಿಮ್ಮ ವರ್ಗದ ಸಾಲಿನಲ್ಲಿ ನೋಡಿ, ನಿಮ್ಮ ರ‍್ಯಾಂಕಿನ ಪಕ್ಕ ಬರೆದಿಡಿ. ದಾಟಬೇಕಾದ ಹೊಳೆಯ ಅಗಲ ಆಗ ಗೊತ್ತಾಗುತ್ತದೆ.

ಮೊದಲ ಪಾಠಪುಸ್ತಕ: ನಿಮ್ಮದೇ ಉತ್ತರಪತ್ರಿಕೆ

ಫಲಿತಾಂಶಕ್ಕೆ ಮುನ್ನ ಪರೀಕ್ಷಾ ಸಂಸ್ಥೆ ಪ್ರತಿಯೊಬ್ಬರ ಓಎಂಆರ್ ಹಾಳೆಯ ಪ್ರತಿ ಮತ್ತು ಸರಿಯುತ್ತರಗಳನ್ನು ಜಾಲತಾಣದಲ್ಲಿ ಇಡುತ್ತದೆ. ಬಹಳ ಮಂದಿ ಒಟ್ಟು ಅಂಕ ನೋಡಿ ಅಲ್ಲಿಗೇ ಬಿಡುತ್ತಾರೆ. ಅದನ್ನು ಇಳಿಸಿಕೊಂಡು ಮುದ್ರಿಸಿ ಇಟ್ಟುಕೊಂಡವರಿಗೆ ಮುಂದಿನ ವರ್ಷದ ದಾರಿ ಅದರಲ್ಲೇ ಕಾಣುತ್ತದೆ.

ಸಾಂಬ್ರಾಣಿಯ ತಂದೆ ಆ ಹಾಳೆಯ ಪ್ರತಿ ಕಳಿಸಿದ್ದಾರೆ. ಲೆಕ್ಕ ಹೀಗಿದೆ. ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ.

ಜೀವಶಾಸ್ತ್ರದ 90ರಲ್ಲಿ ಸರಿ 68, ತಪ್ಪು 18, ಬಿಟ್ಟದ್ದು 4, ಅಂಕ 254.
ರಸಾಯನಶಾಸ್ತ್ರದ 45ರಲ್ಲಿ ಸರಿ 26, ತಪ್ಪು 17, ಬಿಟ್ಟದ್ದು 2, ಅಂಕ 87.
ಭೌತಶಾಸ್ತ್ರದ 45ರಲ್ಲಿ ಸರಿ 18, ತಪ್ಪು 25, ಬಿಟ್ಟದ್ದು 2, ಅಂಕ 47.

ಒಟ್ಟು ತಪ್ಪು 60. ಈ ಅರವತ್ತನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ‘ಇದು ಯಾಕೆ ತಪ್ಪಾಯಿತು’ ಎಂದು ಬರೆಯಲು ಹುಡುಗಿಗೆ ಹೇಳಿದೆ. ಅವಳು ಪ್ರಾಮಾಣಿಕವಾಗಿ ಬರೆದಿದ್ದಾಳೆ. ಪಾಠವೇ ಗೊತ್ತಿರದೆ ತಪ್ಪಿದ್ದು 22. ಗೊತ್ತಿದ್ದೂ ಪ್ರಶ್ನೆ ಸರಿಯಾಗಿ ಓದದೆ, ಗುಣಾಕಾರ ತಪ್ಪಿ, ‘ಅಲ್ಲ’ ಎಂಬ ಪದ ಕಣ್ತಪ್ಪಿ ಹೋದದ್ದು 15. ಅಂದಾಜಿನಲ್ಲಿ ಗುರುತು ಹಾಕಿದ್ದು 23.

ಆ ಹದಿನೈದನ್ನು ಗಮನಿಸಿ. ಪ್ರತಿಯೊಂದರಲ್ಲೂ ಬರಬೇಕಾದ 4 ಹೋಗಿ, ಮೇಲಿಂದ 1 ದಂಡ. ಅಂದರೆ ಐದೈದು ಅಂಕ. ಹದಿನೈದಕ್ಕೆ 75. ಹೊಸದಾಗಿ ಒಂದು ಪಾಠವನ್ನೂ ಕಲಿಯದೆ ಅವಳ 388 ಅಂಕ 463 ಆಗಬಹುದಿತ್ತು. ಇದಕ್ಕೆ ಬೇಕಾದದ್ದು ಇನ್ನೊಂದು ದಪ್ಪ ಪುಸ್ತಕವಲ್ಲ, ಗಡಿಯಾರ ಇಟ್ಟುಕೊಂಡು ಬಿಡಿಸುವ ಅಭ್ಯಾಸ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗೆ 180 ನಿಮಿಷ. ಹಿಂದಿನ ಮೂರು ವರ್ಷ ಇದ್ದ ಹೆಚ್ಚುವರಿ ಇಪ್ಪತ್ತು ನಿಮಿಷವೂ ಇಲ್ಲ, ಬೇಡವಾದ ಪ್ರಶ್ನೆ ಬಿಡುವ ಆಯ್ಕೆಯೂ ಇಲ್ಲ.

ಅಂದಾಜಿನ ಬಗ್ಗೆ ಒಂದು ಮಾತು. ಏನೂ ತಿಳಿಯದೆ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿದರೆ, ನಾಲ್ಕು ಪ್ರಶ್ನೆಗೆ ಸರಾಸರಿ ಒಂದು ಸರಿಯಾದೀತು. 4 ಬಂದು 3 ಹೋಗಿ ಉಳಿಯುವುದು 1. ನಾಲ್ಕು ಪ್ರಶ್ನೆಗೆ ಒಂದು ಅಂಕಕ್ಕಾಗಿ ಸಮಯ ಕಳೆಯುವುದು ಲಾಭದ ವ್ಯಾಪಾರವಲ್ಲ. ಆದರೆ ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿ ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ, ಅದೇ ನಾಲ್ಕು ಪ್ರಶ್ನೆಗೆ 8 ಬಂದು 2 ಹೋಗಿ 6 ಉಳಿಯುತ್ತದೆ. ಆದ್ದರಿಂದ ಅರ್ಧ ತಿಳಿದ ಪ್ರಶ್ನೆಗೆ ಧೈರ್ಯ ಮಾಡಿ. ಏನೂ ತಿಳಿಯದ್ದನ್ನು ಬಿಟ್ಟು ಮುಂದೆ ಹೋಗಿ.

ಕಳೆದುಹೋದ ಮೊದಲ ಪಿಯುಸಿ

ಹುಡುಗಿಗೆ ಇನ್ನೊಂದು ಲೆಕ್ಕವನ್ನೂ ಹಾಕಲು ಹೇಳಿದೆ. ಭೌತ ಮತ್ತು ರಸಾಯನಶಾಸ್ತ್ರದ 42 ತಪ್ಪುಗಳಲ್ಲಿ ಪ್ರಥಮ ಪಿಯುಸಿಯ ಪಾಠಗಳಿಗೆ ಸೇರಿದವು ಎಷ್ಟು? ಉತ್ತರ 27.

ಇದು ಅವಳೊಬ್ಬಳ ಕಥೆಯಲ್ಲ. ಹತ್ತರವರೆಗೆ ಕನ್ನಡದಲ್ಲಿ ಓದಿದ ಹುಡುಗರು ಪಿಯುಸಿ ವಿಜ್ಞಾನಕ್ಕೆ ಬಂದ ಕೂಡಲೇ ಪುಸ್ತಕ ಇಂಗ್ಲಿಷ್, ಪಾಠ ಇಂಗ್ಲಿಷ್. ‘ವೇಗೋತ್ಕರ್ಷ’ ಗೊತ್ತು, ‘ಅಕ್ಸೆಲರೇಷನ್’ ಎಂದರೆ ತಬ್ಬಿಬ್ಬು. ಅರ್ಧ ವರ್ಷ ಶಬ್ದ ಹಿಡಿಯುವುದರಲ್ಲೇ ಹೋಗುತ್ತದೆ. ಅಷ್ಟರಲ್ಲಿ ಚಲನೆ, ನ್ಯೂಟನ್ನನ ನಿಯಮಗಳು, ಕೆಲಸ ಮತ್ತು ಶಕ್ತಿ, ಮೋಲ್ ಪರಿಕಲ್ಪನೆ, ರಾಸಾಯನಿಕ ಬಂಧ ಎಲ್ಲ ಮುಗಿದುಹೋಗಿರುತ್ತವೆ. ಪ್ರಥಮ ಪಿಯುಸಿಗೆ ದ್ವಿತೀಯದಂತೆ ರಾಜ್ಯ ಮಂಡಳಿಯ ಅಂಕಪಟ್ಟಿಯ ಭಯವಿಲ್ಲ, ಹೇಗೋ ಪಾಸಾದರಾಯಿತು. ಎರಡನೆಯ ವರ್ಷ ಹುಡುಗ ಚೇತರಿಸಿಕೊಂಡು ಒಳ್ಳೆಯ ಅಂಕ ತೆಗೆಯುತ್ತಾನೆ. ಮನೆಯವರಿಗೆ, ಕಾಲೇಜಿಗೆ ಸಂತೋಷ. ಆದರೆ ನೀಟ್ ಎರಡೂ ವರ್ಷದ ಪಾಠ ಕೇಳುತ್ತದೆ. ಬುನಾದಿಯ ಕಲ್ಲು ಸಡಿಲವಾಗಿದ್ದದ್ದು ಆಗ ಗೊತ್ತಾಗುತ್ತದೆ. ಪಿಯುಸಿಯಲ್ಲಿ 87 ಬಂದವಳಿಗೆ ನೀಟ್‌ನ ಭೌತಶಾಸ್ತ್ರದಲ್ಲಿ 180ಕ್ಕೆ 47 ಬಂದದ್ದು ಹೀಗೆ.

ಆದ್ದರಿಂದ ಮತ್ತೆ ಓದುವವರು ದ್ವಿತೀಯ ಪಿಯುಸಿ ಪುಸ್ತಕದಿಂದ ಆರಂಭಿಸಬೇಡಿ. ಜೂನ್‌ನಲ್ಲಿ ಮೊದಲು ತೆರೆಯಬೇಕಾದದ್ದು ಪ್ರಥಮ ಪಿಯುಸಿಯ ಭೌತಶಾಸ್ತ್ರ. ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಪದಗಳನ್ನು ಎದುರುಬದುರು ಬರೆದುಕೊಳ್ಳಿ. ಕನ್ನಡ ಪ್ರಶ್ನೆಪತ್ರಿಕೆ ಆರಿಸಿಕೊಂಡವರಿಗೆ ಇಂಗ್ಲಿಷ್ ಪಠ್ಯವೂ ಜೊತೆಗಿರುತ್ತದೆ. ಅನುವಾದದಲ್ಲಿ ಸಂಶಯ ಬಂದರೆ ಇಂಗ್ಲಿಷಿನದೇ ಅಂತಿಮ. ಎರಡನ್ನೂ ಓದಿ ತಿಳಿಯುವ ಅಭ್ಯಾಸವಿದ್ದವರಿಗೆ ಇದರಿಂದ ಅನುಕೂಲ.

ಅಕ್ಕ, ಅಣ್ಣಂದಿರ ಹಳೆಯ ಪುಸ್ತಕ ಬಳಸುವವರು ಇನ್ನೊಂದು ಎಚ್ಚರ ವಹಿಸಬೇಕು. 2024ರ ಪರೀಕ್ಷೆಯಿಂದ ಪಠ್ಯಕ್ರಮ ಬದಲಾಗಿದೆ. ಘನಸ್ಥಿತಿ, ಪಾಲಿಮರ್‌ಗಳು, ಜೀರ್ಣಕ್ರಿಯೆಯಂಥ ಕೆಲವು ಅಧ್ಯಾಯಗಳು ಬಿಟ್ಟುಹೋಗಿವೆ. ಆ ವರ್ಷದ ಅಧಿಕೃತ ಪಠ್ಯಕ್ರಮವನ್ನು ಮುದ್ರಿಸಿ ಗೋಡೆಗೆ ಅಂಟಿಸಿ, ಓದಿ ಮುಗಿದದ್ದಕ್ಕೆ ಗುರುತು ಹಾಕುತ್ತ ಹೋಗಿ. ಇಲ್ಲದ ಪಾಠಕ್ಕೆ ತಿಂಗಳು ಕಳೆದವರನ್ನು ನಾನು ಬಲ್ಲೆ.

ಊರಲ್ಲೋ, ಧಾರವಾಡದಲ್ಲೋ?

ಹಳಿಯಾಳದವರಿಗೆ ಧಾರವಾಡ, ಮುಂಡಗೋಡದವರಿಗೆ ಹುಬ್ಬಳ್ಳಿ ಬೆಳಿಗ್ಗೆ ಹೋಗಿ ಸಂಜೆ ಬರುವ ಊರುಗಳು. ಜೋಯಿಡಾದ ಒಳಹಳ್ಳಿಯವರಿಗೆ ದಾಂಡೇಲಿ ಮುಟ್ಟುವುದೇ ಅರ್ಧ ದಿನದ ಕೆಲಸ. ಹಾಗಾಗಿ ಎಲ್ಲರಿಗೂ ಒಂದೇ ಸಲಹೆ ಹೊಂದದು.

ಕೋಚಿಂಗ್‌ಗೆ ಹಾಕುವುದಾದರೆ ಹಣ ಕಟ್ಟುವ ಮೊದಲು ಪಾಲಕರು ನಾಲ್ಕು ಪ್ರಶ್ನೆ ಕೇಳಬೇಕು. ಮರಳಿ ಬರೆಯುವವರಿಗೆ ಪ್ರತ್ಯೇಕ ತರಗತಿ ಇದೆಯೇ? ಪ್ರಥಮ ಪಿಯುಸಿ ಪಾಠಗಳನ್ನು ಮೊದಲಿನಿಂದ ಹೇಳುತ್ತಾರೆಯೇ? ಪರೀಕ್ಷೆ ಆದ ಮೇಲೆ ಪ್ರತಿ ಹುಡುಗನ ತಪ್ಪುಗಳನ್ನು ಕೂಡಿಸಿಕೊಂಡು ತಿಳಿಸುವವರು ಯಾರು? ನಡುವೆ ಬಿಟ್ಟರೆ ಹಣ ವಾಪಸು ಬರುತ್ತದೆಯೇ? ಕೊನೆಯದಕ್ಕೆ ಆಧಾರವಿದೆ. ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದೊಳಗೆ ಮರಳಿಸಬೇಕು, ರ‍್ಯಾಂಕಿನ ಭರವಸೆ ಕೊಟ್ಟು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದೆ. ರಸೀದಿ ಇಲ್ಲದೆ ರೂಪಾಯಿ ಕೊಡಬೇಡಿ.

ಕುಂಬಾರವಾಡಾದ ಹುಡುಗನಿಗೆ ನನ್ನ ಉತ್ತರ: ಮನೆಯಲ್ಲಿ ಓದಿ ಸೀಟು ಪಡೆಯುವುದು ಕಷ್ಟ, ಅಸಾಧ್ಯವಲ್ಲ. ಕೇಂದ್ರ ಸರಕಾರ ಐಐಟಿ ಕಾನ್ಪುರದ ಜೊತೆ 2023ರಲ್ಲಿ ಆರಂಭಿಸಿದ ‘ಸಾಥಿ’ ತಾಣದಲ್ಲಿ ನೀಟ್ ಪಾಠಗಳು, ಮಾದರಿ ಪರೀಕ್ಷೆಗಳು ಉಚಿತ. ಆದರೆ ನಿಮ್ಮ ಊರಿನ ಮಳೆಗಾಲ ನನಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಹೋದರೆ ಬಂದಾಗ ಬಂತು, ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಆದ್ದರಿಂದ ಮಳೆಗಾಲವನ್ನು ಪುಸ್ತಕಕ್ಕೆ ಇಟ್ಟುಕೊಳ್ಳಿ. ಹಳೆಯ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಮೇ ತಿಂಗಳಲ್ಲೇ ದಾಂಡೇಲಿಯಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳಿ. ಮಳೆ ನಿಂತ ಮೇಲೆ ವಾರಕ್ಕೊಮ್ಮೆ ದಾಂಡೇಲಿಗೆ ಬಂದು ಮಾದರಿ ಪರೀಕ್ಷೆ ಬರೆಯಿರಿ. ನಿಮ್ಮ ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರನ್ನು ಹೋಗಿ ಕಾಣಿ. ಹಳೆಯ ವಿದ್ಯಾರ್ಥಿ ಸಂಶಯಗಳ ಪಟ್ಟಿ ಹಿಡಿದು ಬಂದರೆ ಬೇಡ ಎನ್ನುವ ಮೇಷ್ಟ್ರು ಅಪರೂಪ. ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರಾದರೆ ತಾಲ್ಲೂಕಿನ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಚೇರಿಗಳಲ್ಲಿ ಆ ವರ್ಷದ ತರಬೇತಿ, ವಿದ್ಯಾರ್ಥಿ ನಿಲಯದ ಸೌಲಭ್ಯ ಏನಿದೆ ಎಂದು ಜೂನ್‌ನಲ್ಲೇ ವಿಚಾರಿಸಿ.

ಎಲ್ಲಿ ಓದಿದರೂ ವರ್ಷಕ್ಕೆ ಮೈಲುಗಲ್ಲು ಬೇಕು. ಗಣೇಶ ಚೌತಿಯೊಳಗೆ ಪ್ರಥಮ ಪಿಯುಸಿಯ ಭೌತ, ರಸಾಯನ ಮುಗಿಯಬೇಕು. ದೀಪಾವಳಿಯ ಮುಂದೆ ದ್ವಿತೀಯ ಪಿಯುಸಿ. ಜೀವಶಾಸ್ತ್ರ ದಿನವೂ ಸ್ವಲ್ಪ. ಸಂಕ್ರಾಂತಿಯಿಂದ ಪೂರ್ಣ ಪ್ರಶ್ನೆಪತ್ರಿಕೆಗಳು, ಅದೂ ಮಧ್ಯಾಹ್ನ 2ರಿಂದ 5ರವರೆಗೆ. 2025ರಲ್ಲಿ ಪರೀಕ್ಷೆ ನಡೆದದ್ದು ಆ ಹೊತ್ತಿನಲ್ಲೇ. ಬೆಳಗಿನ ಜಾವ ಮಾತ್ರ ಓದಿ ರೂಢಿಯಾದವರಿಗೆ ಮೇ ತಿಂಗಳ ಮಧ್ಯಾಹ್ನ ತಲೆ ಓಡುವುದಿಲ್ಲ.

ಕಾಗದಪತ್ರವೂ ಯೋಗ್ಯತೆಯೇ

ಅಂಕವಿದ್ದೂ ಕಾಗದವಿಲ್ಲದೆ ಸೀಟು ಕಳೆದುಕೊಂಡವರು ನಮ್ಮ ಭಾಗದಲ್ಲಿದ್ದಾರೆ. ಮರಳಿ ಬರೆಯುವ ವರ್ಷದಲ್ಲಿ ತಂದೆತಾಯಿ ಮಾಡಬಹುದಾದ ದೊಡ್ಡ ಸಹಾಯ ಇದೇ.

ರಾಜ್ಯದ ಸೀಟಿಗೆ ಸಾಮಾನ್ಯವಾಗಿ ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ ದಾಖಲೆ ಬೇಕು. ಗೋವೆಯಲ್ಲಿ ದುಡಿಯುತ್ತ ಮಕ್ಕಳನ್ನು ಅಲ್ಲೇ ಕೆಲವು ವರ್ಷ ಓದಿಸಿದ ಜೋಯಿಡಾದ ಕುಟುಂಬಗಳು ಈ ಲೆಕ್ಕವನ್ನು ಮೊದಲೇ ಹಾಕಿ ನೋಡಬೇಕು.

ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಆಯಾ ವರ್ಗದೊಳಗೆ ಮೀಸಲು. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷದ ಲೆಕ್ಕ. ಗ್ರಾಮೀಣ ಎಂಬುದನ್ನು ನೋಡುವುದು ಮನೆ ಎಲ್ಲಿದೆ ಎಂದಲ್ಲ, ಶಾಲೆ ಎಲ್ಲಿತ್ತು ಎಂದು. ದಾಂಡೇಲಿ ನಗರಸಭೆ, ಹಳಿಯಾಳ ಪುರಸಭೆ, ಮುಂಡಗೋಡ ಪಟ್ಟಣ ಪಂಚಾಯ್ತಿ. ಹಳ್ಳಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ಬಂದು ಪೇಟೆಯ ಹೈಸ್ಕೂಲಿನಲ್ಲಿ ಓದಿದವರಿಗೆ ಈ ಮೀಸಲು ಸಿಗದು. ಮರಾಠಿ ಶಾಲೆಯಲ್ಲಿ ನಾಲ್ಕು ವರ್ಷ ಓದಿ ಆಮೇಲೆ ಕನ್ನಡ ಶಾಲೆಗೆ ಬಂದವರಿಗೆ ಕನ್ನಡ ಮಾಧ್ಯಮದ್ದೂ ಸಿಗದು. ಅರ್ಹತೆ ಇದ್ದವರು ಶಾಲೆಯ ಮುಖ್ಯೋಪಾಧ್ಯಾಯರಿಂದ ಪ್ರಮಾಣಪತ್ರ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಿ ಇಟ್ಟುಕೊಳ್ಳಿ. ಪ್ರಾಥಮಿಕ ಒಂದು ಕಡೆ, ಹೈಸ್ಕೂಲು ಇನ್ನೊಂದು ಕಡೆಯಾದರೆ ಎರಡೂ ಕಡೆಯದು ಬೇಕು.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯದಾಗಿರಬೇಕು, ಅದರ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಪ್ರಮಾಣಪತ್ರದಲ್ಲಿನ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದಬೇಕು. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದೆ. ರಾಜ್ಯವು 2022ರಲ್ಲಿ ಆ ವರ್ಗದ ಮೀಸಲನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತು. ಹಳಿಯಾಳ, ಮುಂಡಗೋಡದ ಸಿದ್ದಿ ಮಕ್ಕಳು ‘ನಮಗೆಲ್ಲಿಯ ಡಾಕ್ಟರಿಕೆ’ ಎಂದು ಹಿಂಜರಿಯುವ ಕಾಲ ಇದಲ್ಲ. ಇನ್ನೊಂದು ಮುಖ್ಯ ಸಂಗತಿ: ನೀಟ್ ಬರೆದರೆ ಸಾಲದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಕಳೆದ ವರ್ಷದ ಅರ್ಜಿ ಈ ವರ್ಷಕ್ಕೆ ನಡೆಯುವುದಿಲ್ಲ.

ಎರಡನೆಯ ಬಾಗಿಲು ತೆರೆದಿಡಿ

ದಾಂಡೇಲಿಯ ತಾಯಿಗೆ ಈಗ ಉತ್ತರ. ನಿಮ್ಮ ಮಗನಿಗೆ ಮೊದಲ ಸಲ 402, ಎರಡನೆಯ ಸಲ 421 ಎಂದು ಬರೆದಿದ್ದೀರಿ. ಪ್ರಶ್ನೆಪತ್ರಿಕೆಯ ಕಾಠಿಣ್ಯ ಬದಲಾಗುವುದರಿಂದ ಎರಡೂ ವರ್ಷದ ರ‍್ಯಾಂಕ್ ಪಕ್ಕದಲ್ಲಿಟ್ಟು ನೋಡಿ. ರ‍್ಯಾಂಕ್ ಗಣನೀಯವಾಗಿ ಮೇಲೆ ಬಂದಿರದಿದ್ದರೆ, ಪೂರ್ತಿ ಒಂದು ವರ್ಷ ಓದಿಯೂ ಅವನ ಓದಿನ ರೀತಿ ಬದಲಾಗಿಲ್ಲ ಎಂದೇ ಅರ್ಥ. ಮೂರನೆಯ ಸಲ ಕೋಣೆಯಲ್ಲಿ ಕೂರಿಸುವುದು ಬೇಡ. ಒಂದು ಕೋರ್ಸಿಗೆ ಸೇರಿಸಿ. ಅವನಿಗೆ ಆಸೆ ಉಳಿದಿದ್ದರೆ ಅಲ್ಲಿಂದಲೇ ಇನ್ನೊಮ್ಮೆ ಬರೆಯಲಿ.

ನೀಟ್ ರ‍್ಯಾಂಕಿನ ಮೇಲೆಯೇ ಆಯುರ್ವೇದ, ಹೋಮಿಯೋಪಥಿ ಸೀಟುಗಳೂ ಸಿಗುತ್ತವೆ. ಕೆಸಿಇಟಿ ಬರೆದರೆ ಬಿ.ಫಾರ್ಮಾ, ಕೃಷಿ, ಪಶುವೈದ್ಯಕೀಯ, ನರ್ಸಿಂಗ್ ಬಾಗಿಲುಗಳಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಶಿರಸಿಯ ಅರಣ್ಯ ಕಾಲೇಜು ನಮ್ಮ ಹತ್ತಿರದವೇ. ಕೃಷಿಯಂಥ ಕೋರ್ಸುಗಳಲ್ಲಿ ಪಿಯುಸಿ ಅಂಕವೂ ಲೆಕ್ಕಕ್ಕೆ ಬರುವುದರಿಂದ ಸಾಂಬ್ರಾಣಿಯ ಹುಡುಗಿಯ ಶೇ 87 ಅಲ್ಲಿ ಅವಳಿಗೆ ಬಲ. ನೀಟ್ ಓದುವವರು ಕೆಸಿಇಟಿ ಅರ್ಜಿಯನ್ನೂ ಹಾಕಲೇಬೇಕು.

ಸೀಟು ಹಿಡಿದು ಬಿಡುವ ಆಟದಲ್ಲಿ ಹುಷಾರಾಗಿರಿ. ಕೊನೆಯ ಸುತ್ತುಗಳಲ್ಲಿ ಸೀಟು ಪಡೆದು ಸೇರದಿದ್ದರೆ ಠೇವಣಿ ಹೋಗುವುದಲ್ಲದೆ ಮುಂದಿನ ವರ್ಷದ ಅವಕಾಶಕ್ಕೂ ಕುತ್ತು ಬರಬಹುದು. ಆ ವರ್ಷದ ಮಾಹಿತಿ ಕೈಪಿಡಿ ಓದದೆ ಆಯ್ಕೆ ಗುರುತಿಸಬೇಡಿ. ‘ಇಷ್ಟು ಕೊಟ್ಟರೆ ಸೀಟು ನಾನು ಕೊಡಿಸುತ್ತೇನೆ’ ಎಂದು ಬರುವವರನ್ನು ಹೊಸ್ತಿಲಿನಿಂದಲೇ ಕಳಿಸಿ. ಖಾಸಗಿ ಕಾಲೇಜಿನ ಸೀಟೂ ಕೌನ್ಸೆಲಿಂಗ್ ಮೂಲಕವೇ ಸಿಗಬೇಕು. ವಿದೇಶದಲ್ಲಿ ಓದುವುದಕ್ಕೂ ನೀಟ್ ಅರ್ಹತೆ ಬೇಕೇ ಬೇಕು. ಹೊಲ ಮಾರಿ ಹಣ ಕೊಟ್ಟ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ.

ಮನೆಯೊಳಗಿನ ಮಾತು

ಮರಳಿ ಬರೆಯುವ ಹುಡುಗನಿಗೆ ಕಾಲೇಜಿನ ಗುರುತುಚೀಟಿ ಇರುವುದಿಲ್ಲ. ಓರಗೆಯವರೆಲ್ಲ ಬೇರೆ ಊರಿಗೆ ಹೋಗಿರುತ್ತಾರೆ. ಮದುವೆ ಮನೆಗೆ ಹೋದರೆ ‘ಈಗೇನು ಮಾಡ್ತಿದ್ದೀಯಪ್ಪಾ?’ ಎಂಬ ಪ್ರಶ್ನೆ. ಹೆಣ್ಣುಮಕ್ಕಳಿಗೆ ಅದರ ಜೊತೆ ಮದುವೆಯ ಪ್ರಸ್ತಾಪ ಬೇರೆ. ದಿನವೂ ಖರ್ಚಿನ ಲೆಕ್ಕ ಹೇಳಿ ಚುಚ್ಚಬೇಡಿ. ಲೆಕ್ಕವನ್ನು ಒಂದೇ ಸಲ, ವರ್ಷದ ಆರಂಭದಲ್ಲಿ, ಮಗಳನ್ನೂ ತಮ್ಮನನ್ನೂ ಕೂರಿಸಿಕೊಂಡು ಹೇಳಿ: ನಮ್ಮ ಹತ್ತಿರ ಇಷ್ಟಿದೆ, ಇಷ್ಟು ನಿನಗೆ, ಇಷ್ಟು ಅವನಿಗೆ, ಪ್ರಯತ್ನ ಇದೊಂದೇ. ಆಮೇಲೆ ಆ ಮಾತು ಎತ್ತಬೇಡಿ. ಮಗು ಊಟ ಬಿಟ್ಟು, ನಿದ್ದೆ ಬಿಟ್ಟು ಮಂಕಾಗಿ ಕೂತರೆ ‘ಓದಿನ ಒತ್ತಡ’ ಎಂದು ತಳ್ಳಿಹಾಕಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಾಂಬ್ರಾಣಿಯ ಹಿರಿಯರೇ, ನಿಮ್ಮ ಮಗಳಿಗೆ ಒಂದು ವರ್ಷ ಕೊಡಿ. ಅವಳು ತನ್ನ ಅರವತ್ತು ತಪ್ಪುಗಳನ್ನು ಮುಚ್ಚಿಡದೆ ಬರೆದು ಕಳಿಸಿದ್ದಾಳೆ. ಆ ಗುಣವೇ ನನಗೆ ಭರವಸೆ. ಆದರೆ ಮೂರು ಷರತ್ತು ಹಾಕಿ. ಜೂನ್‌ನಲ್ಲಿ ಪ್ರಥಮ ಪಿಯುಸಿಯ ಪುಸ್ತಕದಿಂದಲೇ ಆರಂಭಿಸಬೇಕು. ಕೆಸಿಇಟಿಯನ್ನೂ ಬರೆಯಬೇಕು. ಮುಂದಿನ ಸಲ ವೈದ್ಯಕೀಯ ಸಿಗದಿದ್ದರೆ, ಸಿಕ್ಕಿದ ಕೋರ್ಸಿಗೆ ಸಂತೋಷದಿಂದ ಸೇರಬೇಕು. ನೀವೂ ಒಂದು ಕೆಲಸ ಮಾಡಿ. ಅವಳು ಹತ್ತು ವರ್ಷ ಹಳ್ಳಿಯ ಕನ್ನಡ ಶಾಲೆಯಲ್ಲೇ ಓದಿದವಳು. ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಪ್ರಮಾಣಪತ್ರ ಅವಳ ಹಕ್ಕು. ಅವುಗಳ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಮುಂದಿನ ಸಂತೆಯ ದಿನ ಹಳಿಯಾಳಕ್ಕೆ ಹೋದಾಗ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೂ ಹೋಗಿ ಬನ್ನಿ.

ತುರ್ತು ಚಿಕಿತ್ಸೆಗೆ ಹುಬ್ಬಳ್ಳಿ, ಮಂಗಳೂರು, ಗೋವೆಗಳಿಗೆ ಓಡಬೇಕಾದ ಜಿಲ್ಲೆ ನಮ್ಮದು. ಒಳ್ಳೆಯ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಒಕ್ಕೊರಲಿನಿಂದ ಕೇಳಿದ್ದರು. ಆಸ್ಪತ್ರೆ ಕಟ್ಟಿದರೆ ಒಳಗೆ ಕೂರಲು ಡಾಕ್ಟರು ಬೇಕು. ಮಳೆಗಾಲದಲ್ಲಿ ರೋಗಿಯನ್ನು ಕಂಬಳಿಯಲ್ಲಿ ಹೊತ್ತು ತಂದದ್ದನ್ನು ಕಣ್ಣಾರೆ ಕಂಡ ಊರಿನ ಮಕ್ಕಳೇ ಆ ಕುರ್ಚಿಯಲ್ಲಿ ಕೂತರೆ ನಮಗೆಲ್ಲ ಒಳ್ಳೆಯದು.